ಗಂಟಿನ ಅಂಚು ಹುಡುಕುವ ಬೆಳಕು

ಹುಬ್ಬಳ್ಳಿಯ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ನಾನು. ಆಪರೇಷನ್ ಥಿಯೇಟರಿನಿಂದ ನನಗೆ ಬರುವ ಪ್ರಶ್ನೆ ಒಂದೇ: ‘ಮಾರ್ಜಿನ್ ಕ್ಲಿಯರ್ ಐತೇನ್ರಿ?’ ಬಾಯಿ ಕ್ಯಾನ್ಸರಿನ ಗಂಟು ತೆಗೆದ ಕೂಡಲೇ ಅದರ ಅಂಚಿನ ಚೂರು ನಮ್ಮಲ್ಲಿಗೆ ಬರುತ್ತದೆ. ಮೈನಸ್ 20 ಡಿಗ್ರಿಯ ಆಸುಪಾಸಿನಲ್ಲಿ ಅದನ್ನು ಹೆಪ್ಪುಗಟ್ಟಿಸಿ, ಮಿಲಿಮೀಟರಿನ 200ನೇ ಒಂದು ಭಾಗದಷ್ಟು ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸ್ಲೈಡ್ ಮಾಡುತ್ತೇನೆ. ನಮ್ಮ ಪೆಥಾಲಜಿಸ್ಟ್ ಮೇಡಂ ನೋಡಿ ಉತ್ತರ ಹೇಳುವಷ್ಟರಲ್ಲಿ 20–30 ನಿಮಿಷ. ಅಲ್ಲಿಯವರೆಗೂ ಪೇಷಂಟು ಅರಿವಳಿಕೆಯಲ್ಲೇ.

‘ಗಂಟು ತಗದಾರಲ್ರಿ, ಮತ್ತೇನ್ ನೋಡ್ತೀರಿ ಸರ?’ ಎಂದರು ಹಾವೇರಿ ಕಡೆಯ ರೈತರೊಬ್ಬರು. ‘ಎರಿ ಹೊಲದ ಕರಿಕಿ ಇದ್ದಂಗ್ರಿ ಯಜಮಾನ್ರ, ಮ್ಯಾಲಿಂದು ಕಿತ್ರ ಮುಗೀತೇನು?’ ಅಂದೆ. ಗಂಟಿನ ಸುತ್ತ ಕನಿಷ್ಠ 5 ಮಿಲಿಮೀಟರ್ ಒಳ್ಳೆಯ ಮಾಂಸವನ್ನೂ ಸೇರಿಸಿ ತೆಗೆಯಬೇಕು ಎಂಬುದು ವಾಡಿಕೆ. ನಾಲಿಗೆಯಲ್ಲಿ ಹೆಚ್ಚು ಕೊಯ್ದರೆ ಮಾತು ಹೋಗುತ್ತದೆ, ಕಡಿಮೆ ಕೊಯ್ದರೆ ರೋಗ ಉಳಿಯುತ್ತದೆ.

ಈ ಅಂಚನ್ನು ಥಿಯೇಟರಿನಲ್ಲೇ ಹೊಳೆಯಿಸಿ ನೋಡುವ ಆಸೆ ಹಳೆಯದು. 1948ರಲ್ಲೇ ಅಮೆರಿಕದ ಜಾರ್ಜ್ ಮೂರ್ ಫ್ಲೋರೆಸಿನ್ ಬಣ್ಣ ಕೊಟ್ಟು ಮೆದುಳಿನ ಗಡ್ಡೆ ಗುರುತಿಸಿದ್ದರು. ಗಟ್ಟಿ ಪುರಾವೆ ಬಂದದ್ದು 2006ರಲ್ಲಿ, ಜರ್ಮನಿಯ ವಾಲ್ಟರ್ ಸ್ಟುಮ್ಮರ್ ತಂಡದಿಂದ. ಪೇಷಂಟಿಗೆ ಮೊದಲೇ 5-ಎಎಲ್‌ಎ ಎಂಬ ದ್ರಾವಣ ಕುಡಿಸುತ್ತಾರೆ; ಮೆದುಳಿನ ಗ್ಲಯೋಮಾ ಗಡ್ಡೆಯ ಜೀವಕೋಶಗಳಲ್ಲಿ ಅದು ಪೋರ್ಫಿರಿನ್ ಆಗಿ ಕೂಡಿಕೊಂಡು, ನೀಲಿ ಬೆಳಕಿಗೆ ಕೆಂಪಾಗಿ ಹೊಳೆಯುತ್ತದೆ. ಸ್ಕ್ಯಾನಿನಲ್ಲಿ ಕಂಡ ಗಡ್ಡೆಯನ್ನು ಪೂರ್ತಿ ತೆಗೆಯಲು ಮಾಮೂಲಿ ಬೆಳಕಿನಲ್ಲಿ ಶೇ 36 ಮಂದಿಯಲ್ಲಿ ಆಗಿದ್ದರೆ, ಇದರಲ್ಲಿ ಶೇ 65 ಮಂದಿಯಲ್ಲಿ ಆಯಿತು.

ಇನ್ನೊಂದು ಐಸಿಜಿ, ಅಂದರೆ ಇಂಡೋಸಯನಿನ್ ಗ್ರೀನ್. ಕೊಡಾಕ್ ಕಂಪನಿಯ ಲ್ಯಾಬಿನಲ್ಲಿ ಹುಟ್ಟಿದ ಈ ಹಸಿರು ಬಣ್ಣಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1959ರಲ್ಲಿ. ಇದು ಕ್ಯಾನ್ಸರನ್ನು ತಾನೇ ಗುರುತಿಸುತ್ತದೆ ಎಂದು ನಂಬಿದವರಿದ್ದಾರೆ, ಹಾಗೇನಿಲ್ಲ. ರಕ್ತ ಹೋದಲ್ಲಿ ಹೋಗುತ್ತದೆ, ಅಷ್ಟೆ. ಅದರ ಹೊಳಪು ಬರಿಗಣ್ಣಿಗೂ ಕಾಣದು, ಇನ್‌ಫ್ರಾರೆಡ್ ಕ್ಯಾಮೆರಾ ಬೇಕು. ಆದರೆ ಗುಟ್ಕಾದಿಂದ ಕೆಟ್ಟ ದವಡೆ ತೆಗೆದು, ಆ ಜಾಗಕ್ಕೆ ಎದೆಯ ಮಾಂಸವನ್ನೋ ಕಾಲಿನ ಎಲುಬನ್ನೋ ತಂದು ಹೊಲಿದಾಗ ಅಲ್ಲಿ ರಕ್ತ ಓಡುತ್ತಿದೆಯೇ ಎಂದು ಪರದೆಯ ಮೇಲೆ ತೋರಿಸುತ್ತದೆ. ನನ್ನ ಲೆಕ್ಕದಲ್ಲಿ ನಮ್ಮ ಕಡೆಗೆ ಇದೇ ದೊಡ್ಡ ಉಪಕಾರ.

ಬಣ್ಣವೇ ಬೇಡದ ದಾರಿಯೂ ಉಂಟು. ಬೆಂಗಳೂರಿನ ಕೆಎಲ್‌ಇ ದಂತ ವಿಜ್ಞಾನ ಸಂಸ್ಥೆ, ಮಜುಂದಾರ್ ಶಾ ಮೆಡಿಕಲ್ ಫೌಂಡೇಶನ್, ಅರಿಜೋನಾ ವಿಶ್ವವಿದ್ಯಾಲಯದವರು ಸೇರಿ ಮೊಬೈಲಿಗೇ ನೇರಳೆ ಬೆಳಕು ಜೋಡಿಸಿ ಮಾಡಿದ ಸಾಧನದ ವರದಿ 2018ರಲ್ಲಿ ಬಂತು. ಆ ಬೆಳಕಿಗೆ ಬಾಯಿಯ ಒಳ್ಳೆಯ ಒಳಪದರ ತಾನಾಗಿ ಹೊಳೆಯುತ್ತದೆ, ಕೆಟ್ಟ ಜಾಗ ಕಪ್ಪಾಗಿ ಉಳಿಯುತ್ತದೆ. ಅದು ತಪಾಸಣೆಗೆ, ಆಪರೇಷನ್ನಿಗಲ್ಲ. ತೊಡಕೆಂದರೆ, ಬರೀ ಉರಿಯೂತವಿದ್ದರೂ ಜಾಗ ಕಪ್ಪಾಗಬಹುದು. ತಂಬಾಕು ತಿನ್ನುವ ಬಾಯಲ್ಲಿ ಉರಿಯೂತಕ್ಕೇನು ಬರ?

ಹಾಗಾಗಿ ಸ್ಲೈಡ್ ತಪ್ಪದು. ಆದರೆ ನಾವು ನೋಡುವುದು ಥಿಯೇಟರಿನಿಂದ ಬಂದ ಚೂರನ್ನು ಮಾತ್ರ; ಪಕ್ಕದ ಜಾಗದಲ್ಲಿ ರೋಗವಿದ್ದರೆ ನಮ್ಮ ‘ಕ್ಲಿಯರ್’ಗೆ ಬೆಲೆಯಿಲ್ಲ. ಯಾವ ಜಾಗದ ಚೂರು ಕಳಿಸಬೇಕೆಂದು ಬೆಳಕು ತೋರಿಸಿದರೂ ಸಾಕು, ನಮಗೆ ಅರ್ಧ ಕೆಲಸ ಆದಂತೆ.