ಹಾರಲು ಕಲಿತ ಅಂಗಳದಲ್ಲೇ ಪರೀಕ್ಷೆ!

ಖಣದ ಊರು ಗುಳೇದಗುಡ್ಡದಲ್ಲಿ ಮಗ್ಗದ ಸದ್ದು ಕೇಳುತ್ತ ಬೆಳೆದ ನಿಮ್ಮ ಮಗಳು ಪಿಯುಸಿ ಮುಗಿಸಿ, ‘ಅವ್ವಾ, ನಾ ಪೈಲಟ್ ಆಗ್ತೀನಿ’ ಅಂದರೆ ನೀವೇನು ಮಾಡ್ತೀರಿ? ಮೊದಲು ನಗು ಬರುತ್ತೆ. ಆಮೇಲೆ ‘ಎಷ್ಟು ಖರ್ಚು ಬರ್ತದ?’ ಅಂತ ಕೇಳ್ತೀರಿ. ತಪ್ಪಿಲ್ಲ, ಹತ್ತಾರು ಲಕ್ಷದ ಮಾತು ಅದು. ಆದರೆ ಶಾಲೆಗೆ ಹಣ ಕಟ್ಟುವ ಮುಂಚೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯನ್ನು ಬಹಳ ಮಂದಿ ಮರೆತೇಬಿಡುತ್ತಾರೆ: ‘ಹಾರಾಟದ ಪರೀಕ್ಷೆ ಇಲ್ಲೇ ನಡೆಯುತ್ತೋ, ಬೇರೆ ಊರಿಗೆ ಹೋಗಬೇಕೋ?’

ಹುಡುಗಿಯರಿಗೆ ಇದೆಲ್ಲ ಯಾಕೆ ಅನ್ನುವವರಿಗೆ ಒಂದು ಮಾತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆಯಿಂದ 1949ರಲ್ಲಿ ಮೊಟ್ಟಮೊದಲಿಗೆ ತೇರ್ಗಡೆಯಾಗಿ ಹೊರಬಂದದ್ದು ಉಷಾ ಸುಂದರಂ ಎಂಬ ಮಹಿಳೆ! 1951ರಲ್ಲಿ ಪತಿ ವಿ. ಸುಂದರಂ ಜೊತೆ ಡವ್ ವಿಮಾನವನ್ನು ಇಂಗ್ಲೆಂಡಿನಿಂದ ಭಾರತಕ್ಕೆ 27 ಗಂಟೆಗಳಲ್ಲಿ ತಂದವರು ಆಕೆ. ಈಗ ಉತ್ತರ ಕರ್ನಾಟಕದವರು ಜಕ್ಕೂರನ್ನೇ ನೆಚ್ಚಿಕೊಳ್ಳಬೇಕಿಲ್ಲ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹೊಸ ತರಬೇತಿ ಶಾಲೆಗಳಿಗೆ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು.

ಈಗ ಪರೀಕ್ಷೆಯ ವಿಷಯಕ್ಕೆ ಬರೋಣ. ವಾಣಿಜ್ಯ ಪೈಲಟ್ ಪರವಾನಗಿಗೆ 18 ವರ್ಷ ತುಂಬಿರಬೇಕು, ಒಟ್ಟು 200 ಗಂಟೆ ಹಾರಿರಬೇಕು. ಪರೀಕ್ಷೆ ಎರಡು ಬಗೆ. ವಿಮಾನಯಾನ ನಿಯಮ, ಪಥನಿರ್ಣಯ, ಹವಾಮಾನ, ತಾಂತ್ರಿಕ ವಿಷಯಗಳ ಲಿಖಿತ ಪತ್ರಿಕೆಗಳು ಒಂದು. ಇವನ್ನು ಡಿಜಿಸಿಎ ತಾನೇ ನಡೆಸುತ್ತದೆ, ಪಾಸಾಗಲು 70 ಅಂಕ ಬೇಕು. ಇದಕ್ಕೆ ನೀವು ಯಾವ ಶಾಲೆ ಸೇರಿದರೂ ಗೊತ್ತುಪಡಿಸಿದ ಕೇಂದ್ರಕ್ಕೇ ಹೋಗಬೇಕು. ಎರಡನೆಯದು ಆಕಾಶದಲ್ಲಿ ನಡೆಯುವ ಕೌಶಲ ಪರೀಕ್ಷೆ. ಹಗಲಲ್ಲಿ ಒಂದು, ರಾತ್ರಿ ಒಂದು; ಅದರ ಮೇಲೆ ಹಗಲಲ್ಲಿ 250 ನಾಟಿಕಲ್ ಮೈಲಿ, ರಾತ್ರಿ 120 ನಾಟಿಕಲ್ ಮೈಲಿಯ ದೂರದ ಹಾರಾಟ. ಪಕ್ಕದಲ್ಲಿ ಡಿಜಿಸಿಎ ಒಪ್ಪಿದ ಪರೀಕ್ಷಕರು ಕೂತಿರುತ್ತಾರೆ. ಕಲಿತ ಶಾಲೆಯಲ್ಲೇ ಆದರೆ ಲಾಭ ಅಂತ ನಾನು ಹೇಳ್ತಿರೋದು ಈ ಎರಡನೆಯದರ ಬಗ್ಗೆ.

ಸ್ಕೂಟಿ ಕಲಿತವರಿಗೆ ಇದು ಬೇಗ ಅರ್ಥವಾಗುತ್ತೆ. ನಿಮ್ಮ ಗಾಡಿಯ ಬ್ರೇಕು ಎಷ್ಟು ಒತ್ತಿದರೆ ಹಿಡಿಯುತ್ತೆ ಅಂತ ನಿಮ್ಮ ಕೈಗೆ ಗೊತ್ತು. ಪಕ್ಕದ ಮನೆಯವರ ಗಾಡಿ ಕೊಟ್ಟು ‘ಎಂಟು ಹಾಕು’ ಅಂದರೆ ತಡವರಿಸುತ್ತೀರಿ, ಅಲ್ವಾ? ವಿಮಾನದಲ್ಲೂ ಅಷ್ಟೇ. ಎರಡು ಸೆಸ್ನಾ 172 ಹೊರಗಿಂದ ಒಂದೇ ಥರ ಕಾಣಬಹುದು. ಒಳಗೆ ಒಂದರಲ್ಲಿ ಗಡಿಯಾರದಂಥ ಮುಳ್ಳಿನ ಮೀಟರುಗಳು, ಇನ್ನೊಂದರಲ್ಲಿ ಟಿವಿಯಂಥ ಪರದೆ! ಪರೀಕ್ಷೆಯ ದಿನ ವೇಗ ಎಲ್ಲಿ ತೋರಿಸುತ್ತೆ ಅಂತ ಹುಡುಕುತ್ತ ಕೂತರೆ ಮುಗೀತು.

ನೆಲದ ಪರಿಚಯವೂ ಹಾಗೇ. ಪರೀಕ್ಷಕರು ಇದ್ದಕ್ಕಿದ್ದಂತೆ ಎಂಜಿನ್ನಿನ ಶಕ್ತಿ ಇಳಿಸಿ, ‘ಎಂಜಿನ್ ಕೆಟ್ಟಿದೆ ಅಂದುಕೋ, ಎಲ್ಲಿ ಇಳಿಸ್ತೀ?’ ಅಂತ ಕೇಳುತ್ತಾರೆ. ತಿಂಗಳುಗಟ್ಟಲೆ ಅದೇ ಆಕಾಶದಲ್ಲಿ ಸುತ್ತಿದ ಹುಡುಗಿಗೆ ಯಾವ ಹೊಲ ಸಮತಟ್ಟು, ಎಲ್ಲಿ ವಿದ್ಯುತ್ ತಂತಿ ಹಾದಿದೆ ಅಂತ ಗೊತ್ತಿರುತ್ತೆ. ಗಾಳಿ ಯಾವ ಕಡೆಯಿಂದ ಬೀಸುತ್ತೆ, ಟವರಿನವರು ರೇಡಿಯೊದಲ್ಲಿ ಹೇಗೆ ಮಾತಾಡ್ತಾರೆ ಅನ್ನೋದೂ ರೂಢಿಯಾಗಿರುತ್ತೆ. ಇದನ್ನು ಕಳ್ಳದಾರಿ ಅಂದುಕೊಳ್ಳಬೇಡಿ. ವಿಮಾನ ಇಳಿಸುವುದು ಅವಳೇ, ಅಂಕ ಹಾಕುವುದು ಪರೀಕ್ಷಕರೇ. ಗಾಬರಿಯಿಂದ ಆಗುವ ತಪ್ಪುಗಳು ಕಡಿಮೆಯಾಗುತ್ತವೆ, ಅಷ್ಟೆ.

ಇನ್ನು ದುಡ್ಡು. ಪರೀಕ್ಷೆಗೆ ಬೇರೆ ಊರಿಗೆ ಕಳಿಸಿದರೆ ಓಡಾಟ, ಲಾಡ್ಜು, ಊಟ. ಹೊಸ ವಿಮಾನಕ್ಕೆ ಕೈ ಹೊಂದಿಸಿಕೊಳ್ಳಲು ಹೆಚ್ಚುವರಿ ಹಾರಾಟ. ಒಂದೊಂದು ಗಂಟೆಗೂ ಸಾವಿರಾರು ರೂಪಾಯಿ! ಮಳೆಗಾಲದ ಬೆಳಗಾವಿ ನಿಮಗೆ ಗೊತ್ತಲ್ಲ, ಮೋಡ ಇಳಿದರೆ ದಿನಗಟ್ಟಲೆ ಹಾರಾಟ ನಿಲ್ಲಬಹುದು. ಕಲಿತ ಊರಲ್ಲೇ ಇದ್ದರೆ ಹಾಸ್ಟೆಲಿನಲ್ಲಿ ಓದುತ್ತ ಕಾಯಬಹುದು, ಮೋಡ ಸರಿದ ದಿನ ಹೊರಡಬಹುದು. ಒಂದು ಭಾಗದಲ್ಲಿ ಫೇಲಾದರೂ ಅವಳ ಎಡವಟ್ಟು ಬಲ್ಲ ಶಿಕ್ಷಕರು ಅಲ್ಲೇ ಇರುತ್ತಾರೆ, ತಿದ್ದಿ ಮತ್ತೆ ಕಳಿಸುತ್ತಾರೆ.

ತಡವಾದರೆ ಇನ್ನೊಂದು ಫಜೀತಿ. ಪರವಾನಗಿಗೆ ಅರ್ಜಿ ಹಾಕುವ ದಿನಕ್ಕೆ ಹಿಂದಿನ ಆರು ತಿಂಗಳೊಳಗೆ ಕೌಶಲ ಪರೀಕ್ಷೆ ಆಗಿರಬೇಕು. ಹಗಲಿನ ಪರೀಕ್ಷೆ ಮುಗಿಸಿ, ರಾತ್ರಿಯದಕ್ಕೆ ವಿಮಾನ ಸಿಗದೆ, ಪರೀಕ್ಷಕರು ಸಿಗದೆ ತಿಂಗಳು ಉರುಳಿದರೆ ಮೊದಲು ಮಾಡಿದ್ದೇ ಹಳಸಿಹೋಗುತ್ತೆ. ಮತ್ತೆ ಹಾರು, ಮತ್ತೆ ಹಣ ಕಟ್ಟು. ಮನೆ ಮೇಲೆ ಸಾಲ ತೆಗೆದ ಅಪ್ಪನ ಮುಖ ನೆನೆಸಿಕೊಳ್ಳಿ...

ಹಾಗಂತ ಶಾಲೆಯವರು ‘ಎಲ್ಲಾ ಇಲ್ಲೇ ಆಗುತ್ತೆ’ ಅಂದಕೂಡಲೇ ತಲೆಯಾಡಿಸಬೇಡಿ. ಪರೀಕ್ಷಕರು ಇದೇ ಊರಲ್ಲಿ ಇರ್ತಾರೋ, ಕರೆಸಬೇಕೋ? ರಾತ್ರಿ ಹಾರಾಟಕ್ಕೆ ಇಲ್ಲಿ ಅನುಮತಿ, ದೀಪದ ವ್ಯವಸ್ಥೆ ಇದೆಯೋ? ಇವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ವಿದ್ಯಾರ್ಥಿಗಳು ಎಷ್ಟು? ಎರಡು ಎಂಜಿನ್ನಿನ ವಿಮಾನ ಇದೆಯೋ? ಈ ಕೊನೆಯದು ಮುಖ್ಯ. ಅದು ಇಲ್ಲದ ಶಾಲೆಗಳು ಆ ಭಾಗದ ತರಬೇತಿ, ಪರೀಕ್ಷೆ ಎರಡಕ್ಕೂ ಬೇರೆ ಕಡೆ ಕಳಿಸುತ್ತವೆ, ಆ ಖರ್ಚು ಮೊದಲು ಹೇಳಿದ ಮೊತ್ತದಲ್ಲಿ ಸೇರಿರದೆ ಹೋಗಬಹುದು. ಹಿರಿಯ ವಿದ್ಯಾರ್ಥಿನಿಯರನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ. 200 ಗಂಟೆ ಮುಗಿಸಿ ಪರೀಕ್ಷೆಗಾಗಿ ಎಷ್ಟು ತಿಂಗಳು ಕಾದಿರಿ ಅಂತ ಕೇಳಿ. ಕಚೇರಿಯವರಿಗಿಂತ ಅವರ ಉತ್ತರವನ್ನೇ ನಾನು ನಂಬ್ತೀನಿ.

ಹೊರದೇಶಕ್ಕೆ ಹೋದರೆ ಬೇಗ ಮುಗಿಯುತ್ತೆ ಅನ್ನೋದೂ ಪೂರ್ತಿ ಸುಳ್ಳಲ್ಲ. ಆದರೆ ಬಂದ ಮೇಲೆ ಇಲ್ಲಿಯ ಲಿಖಿತ ಪತ್ರಿಕೆ ಬರೆದು ಪರವಾನಗಿಯನ್ನು ಪರಿವರ್ತಿಸಿಕೊಳ್ಳಬೇಕು. ಆ ಖರ್ಚು, ಸಮಯ ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಷ್ಟೆಲ್ಲ ನಮ್ಮ ಕೈಲಾಗಲ್ಲ ಅನ್ನುವವರಿಗೆ ಡ್ರೋನ್ ಇದೆ. ಹತ್ತನೇ ತರಗತಿ ಪಾಸಾಗಿ 18 ತುಂಬಿದ್ದರೆ ಸಾಕು, 65ರವರೆಗೂ ಕಲಿಯಬಹುದು. ಡ್ರೋನ್ ನಿಯಮಗಳಿಗೆ 2022ರಲ್ಲಿ ತಿದ್ದುಪಡಿ ಬಂದ ಮೇಲೆ ಮಾನ್ಯತೆ ಪಡೆದ ತರಬೇತಿ ಸಂಸ್ಥೆಯೇ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತದೆ. ಹೊಲಕ್ಕೆ ಔಷಧಿ ಸಿಂಪಡಿಸುವ ಕೆಲಸಕ್ಕೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಇದನ್ನು ಕಲಿಯುತ್ತಿದ್ದಾರೆ.

ವಿಮಾನವೇ ಆಗಬೇಕು ಅಂತ ಮಗಳು ಹಟ ಹಿಡಿದರೆ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ. ಬಣ್ಣ ಗುರುತಿಸುವ ದೋಷದಂಥದ್ದು ಅಲ್ಲೇ ಗೊತ್ತಾಗಿಬಿಡುತ್ತೆ. ಅದಾದ ಮೇಲೆ ಒಂದು ದಿನ ಬೆಳಿಗ್ಗೆ ಬೆಳಗಾವಿ ಬಸ್ಸು ಹತ್ತಿ ಶಾಲೆ ನೋಡಿಬನ್ನಿ. ಯಾವ ಯಾವ ಪರೀಕ್ಷೆ ಎಲ್ಲಿ, ಯಾರ ಖರ್ಚಿನಲ್ಲಿ ಅಂತ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಮೊದಲ ಕಂತು ಕಟ್ಟೋದು ಆ ಕಾಗದ ಕೈಗೆ ಬಂದ ಮೇಲೆ.