ಪ್ರಳಯಾನಂತರದ ಅಂಗಡಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಅದರಲ್ಲಿಯೂ ಇಡಾಹೊ, ಮೊಂಟಾನಾಗಳಂಥ ವಿರಳ ಜನವಸತಿಯ ಪ್ರಾಂತಗಳಲ್ಲಿ, ಮನೆಯ ನೆಲಮಾಳಿಗೆಯನ್ನು ಉಗ್ರಾಣವಾಗಿ ಮಾರ್ಪಡಿಸಿಕೊಂಡು, ಸರ್ಕಾರ, ಬ್ಯಾಂಕು, ವಿದ್ಯುಚ್ಛಕ್ತಿ ಇವೆಲ್ಲವೂ ಒಂದೇ ಏಟಿಗೆ ನಿಂತುಹೋಗುವ ದಿನವನ್ನು ಎದುರುನೋಡುತ್ತಿರುವ ಗೃಹಸ್ಥರು ಅನೇಕರಿದ್ದಾರೆ. ಅವರ ಕಪಾಟುಗಳಲ್ಲಿ ಗೋಧಿ, ಅಕ್ಕಿ, ಒಣಬೇಳೆ, ಡಬ್ಬಿಯ ಮಾಂಸ ಇರುವುದು ಸಹಜವೇ. ಕುತೂಹಲವನ್ನು ಕೆರಳಿಸುವುದು ಅವುಗಳ ಪಕ್ಕದಲ್ಲಿ ಬೇರೆಯೇ ಸಾಲಾಗಿ ಜೋಡಿಸಿಟ್ಟಿರುವ ಪದಾರ್ಥಗಳು: ಅಂಗೈಯಲ್ಲಿ ಅಡಗುವಷ್ಟು ಸಣ್ಣ ಮದ್ಯದ ಸೀಸೆಗಳು, ಧೂಮಪಾನದ ಅಭ್ಯಾಸವೇ ಇಲ್ಲದವನು ಕೊಂಡಿಟ್ಟ ಸಿಗರೇಟಿನ ಪೆಟ್ಟಿಗೆಗಳು, ಉಪ್ಪು, ಕಾಫಿಪುಡಿ, ಸೂಜಿದಾರ, ಲೈಟರು, ಬಂದೂಕಿನ ತೋಟಾ, ಮತ್ತು 1964ರವರೆಗಿನ ಮುದ್ರೆಯುಳ್ಳ, ನೂರಕ್ಕೆ ತೊಂಬತ್ತು ಪಾಲು ಬೆಳ್ಳಿಯಿರುವ ಹಳೆಯ ಚಿಲ್ಲರೆ ನಾಣ್ಯಗಳು. ಇವು ಸ್ವಂತ ಉಪಭೋಗಕ್ಕೆಂದು ತಂದವಲ್ಲ. ನಾಣ್ಯಪದ್ಧತಿ ನಾಶವಾದ ಮೇಲೆ ನೆರೆಯವನ ಕೋಳಿಮೊಟ್ಟೆಗೋ ವೈದ್ಯನ ಚಿಕಿತ್ಸೆಗೋ ಪ್ರತಿಯಾಗಿ ಕೊಡಲೆಂದು ತಂದವು. ಬರಲಿರುವ ದುಷ್ಕಾಲದಲ್ಲಿ ಸಂಪತ್ತನ್ನು ಗಳಿಸುವುದು ಹೇಗೆಂದು ಬೋಧಿಸಿ ಹೋವರ್ಡ್ ರಫ್ ಎಂಬಾತ 1979ರಲ್ಲಿ ಬರೆದ ಪುಸ್ತಕ ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. ಆತ ಮುನ್ನುಡಿದ ಮಹಾಪತನವಂತೂ ಬರಲಿಲ್ಲ.

ತನ್ನ ಹೊಟ್ಟೆಗೆಂದು ಕೂಡಿಡುವವನು ವಿಪತ್ತಿಗೆ ಅಂಜಿದವನು. ಮಾರಲೆಂದು ಕೂಡಿಡುವವನಾದರೋ ವಿಪತ್ತಿನಲ್ಲಿ ತನಗೊಂದು ಅಂಗಡಿಯನ್ನು ಕಂಡವನು. ಮೊದಲನೆಯವನ ವಿವೇಕದಲ್ಲಿ ನನಗೆ ಸಂದೇಹವಿಲ್ಲ. ನಮ್ಮ ಬಯಲುಸೀಮೆಯ ಒಕ್ಕಲುಗಳು ರಾಗಿಯನ್ನು ಹಗೇವಿಗೆ ತುಂಬಿ, ಬಾಯಿ ಮುಚ್ಚಿ, ವರ್ಷಾನುಗಟ್ಟಲೆ ಕಾಪಾಡುತ್ತಿದ್ದುದು ಆ ವಿವೇಕದಿಂದಲೇ. ಆದರೆ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ, ಎಂದರೆ 1876ರಿಂದ 1878ರವರೆಗೆ, ಮೈಸೂರು ಸಂಸ್ಥಾನದ ಸುಮಾರು 50 ಲಕ್ಷ ಪ್ರಜೆಗಳಲ್ಲಿ 10 ಲಕ್ಷದಷ್ಟು ಮಂದಿ ಅಳಿದುಹೋದಾಗ, ಆಪದ್ಧನವೆಂದು ಮೈಮೇಲೆ ಧರಿಸಿದ್ದ ಕಡಗ ಕಾಲಂದುಗೆಗಳನ್ನು ನಂಬಿದ್ದವರಿಗೆ ಒದಗಿದ ಗತಿ ವಿಚಾರಾರ್ಹವಾದುದು. ದಕ್ಷಿಣದ ಕ್ಷಾಮಪೀಡಿತ ಸೀಮೆಗಳ ಬೆಳ್ಳಿಯ ಒಡವೆಗಳು ಮುಂಬಯಿಯ ಟಂಕಸಾಲೆಯ ಮೂಸೆಗೆ ರಾಶಿರಾಶಿಯಾಗಿ ಬಂದು ಬಿದ್ದವು. ಎಲ್ಲರೂ ಒಂದೇ ವಸ್ತುವನ್ನು ಒಂದೇ ಹೊತ್ತಿನಲ್ಲಿ ಮಾರಲು ಹೊರಟು, ಎಲ್ಲರೂ ಒಂದೇ ವಸ್ತುವನ್ನು ಕೊಳ್ಳಲು ಕಾತರರಾದಾಗ, ಮಾರುವುದರ ಬೆಲೆ ಇಳಿಯುವುದೂ ಕೊಳ್ಳುವುದರ ಬೆಲೆ ಏರುವುದೂ ಅನಿವಾರ್ಯವಲ್ಲವೆ? ಮದ್ಯದ ಪುಟ್ಟ ಸೀಸೆಗಳ ಉಪಾಯ ಇಡೀ ಕಣಿವೆಯ ಜನಕ್ಕೆಲ್ಲ ಒಮ್ಮೆಗೇ ಹೊಳೆದಿದ್ದರೆ ಅಲ್ಲಿ ಅವುಗಳನ್ನು ಕೊಳ್ಳುವವರು ಯಾರೆಂಬ ಪ್ರಶ್ನೆಗೆ ಉಗ್ರಾಣದ ಧಣಿಗಳಿಂದ ಉತ್ತರ ದೊರೆಯುವುದಿಲ್ಲ.

ನಾಣ್ಯವಿಲ್ಲದ ಕಡೆಯಲ್ಲಿ ವ್ಯಾಪಾರವು ಹೇಗೆ ಹುಟ್ಟಿ ಬೆಳೆಯುತ್ತದೆಂಬುದಕ್ಕೆ ಪ್ರತ್ಯಕ್ಷದರ್ಶಿಯೊಬ್ಬನ ಸಾಕ್ಷ್ಯವಿದೆ. ಆರ್. ಎ. ರಾಡ್‌ಫರ್ಡ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞ ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕು, ಇಟಲಿಯ ತಾತ್ಕಾಲಿಕ ಶಿಬಿರವೊಂದನ್ನು ದಾಟಿ, ಬವೇರಿಯದ ಮೂಸ್‌ಬುರ್ಗ್‌ನ ಸೆರೆಮನೆಯಲ್ಲಿ ದಿನಗಳನ್ನು ನೂಕಿ, ಬಿಡುಗಡೆಯಾಗಿ ಬಂದ ವರ್ಷವೇ, 1945ರ ನವೆಂಬರಿನಲ್ಲಿ, ತಾನು ಕಂಡುದನ್ನು ‘ಎಕನಾಮಿಕಾ’ ಪತ್ರಿಕೆಯಲ್ಲಿ ಬರೆದನು. ರೆಡ್‌ಕ್ರಾಸ್ ಸಂಸ್ಥೆ ಕಳುಹಿಸುತ್ತಿದ್ದ ಪೊಟ್ಟಣಗಳಲ್ಲಿ ಪ್ರತಿಯೊಬ್ಬ ಬಂದಿಗೂ ಹೆಚ್ಚುಕಡಮೆ ಒಂದೇ ತೆರನಾದ ಬೆಣ್ಣೆ, ಹಣ್ಣಿನ ಪಾಕ, ಚಾಕೊಲೇಟು, ಡಬ್ಬಿಯ ಹಾಲು ದೊರೆಯುತ್ತಿದ್ದವು. ರುಚಿಗಳು ಮಾತ್ರ ಭಿನ್ನವಾಗಿದ್ದುದರಿಂದ ಕೊಡುಕೊಳ್ಳುವಿಕೆ ಆರಂಭವಾಗಿ, ಕೆಲವೇ ಕಾಲದಲ್ಲಿ ಸಕಲ ವಸ್ತುಗಳ ಬೆಲೆಯೂ ಸಿಗರೇಟಿನಲ್ಲಿ ಎಣಿಸಲ್ಪಡುವಂತಾಯಿತು. ಉತ್ತಮ ಸಿಗರೇಟನ್ನು ಜನ ಸೇದಲೆಂದು ಇಟ್ಟುಕೊಂಡು, ಕಳಪೆಯನ್ನೇ ಪೇಟೆಗೆ ಬಿಡುತ್ತಿದ್ದರು; ಸಿಗರೇಟನ್ನು ಬೆರಳುಗಳ ನಡುವೆ ಹೊರಳಿಸಿ ಒಂದಿಷ್ಟು ಹೊಗೆಸೊಪ್ಪನ್ನು ಉದುರಿಸಿಕೊಂಡು ಉಳಿದುದನ್ನು ಪೂರ್ಣ ಬೆಲೆಗೆ ಚಲಾಯಿಸುವ ಚತುರರೂ ಇದ್ದರು. ಹೊನ್ನಿನ ಅಂಚನ್ನು ಸವೆಸಿ ಕೊಡುತ್ತಿದ್ದ ಹಿಂದಣ ಕಾಲದ ಚಿನಿವಾರರ ಸಂತತಿ ಮುಳ್ಳುಬೇಲಿಯೊಳಗೂ ಅವತರಿಸಿದ್ದನ್ನು ನೆನೆದರೆ ಮಾನವಸ್ವಭಾವದ ನಿರಂತರತೆಯನ್ನು ಕುರಿತು ಒಂದು ಬಗೆಯ ಗೌರವವೇ ಮೂಡುತ್ತದೆ.

ಆ ಲೇಖನದಲ್ಲಿ ಉಗ್ರಾಣದ ಧಣಿಗಳು ಓದಬೇಕಾದ ಸಂಗತಿಗಳು ಎರಡು ಇವೆ. ಸೇನೆಯ ಪಾದ್ರಿಯೊಬ್ಬ ಒಂದು ಡಬ್ಬಿ ಗಿಣ್ಣು, ಐದು ಸಿಗರೇಟು ಹಿಡಿದು ಶಿಬಿರವನ್ನು ಸುತ್ತಿ, ಅಲ್ಲಿ ಕೊಟ್ಟು ಇಲ್ಲಿ ಕೊಂಡು, ಮೊದಲಿನ ಗಿಣ್ಣು ಸಿಗರೇಟುಗಳ ಜೊತೆಗೆ ಒಂದು ಪೂರ್ಣ ಪೊಟ್ಟಣವನ್ನೂ ಗಳಿಸಿಕೊಂಡು ಹಿಂತಿರುಗಿದನೆಂಬ ಕಥೆ ಬಂದಿಗಳಲ್ಲಿ ಪ್ರಚಲಿತವಾಗಿದ್ದಿತು. ಮತ್ತೊಬ್ಬನಿಗೆ ಉರ್ದು ಬರುತ್ತಿತ್ತು. ಅಲ್ಲಿ ಬಂದಿಗಳಾಗಿದ್ದ ಭಾರತೀಯ ಸೈನ್ಯದ ಸಿಖ್ ಯೋಧರಿಂದ ಅವನು ಮಾಂಸದ ಡಬ್ಬಿಗಳನ್ನು ಕೊಂಡು, ಪ್ರತಿಯಾಗಿ ಬೆಣ್ಣೆಯನ್ನೂ ಹಣ್ಣಿನ ಪಾಕವನ್ನೂ ಮಾರಿ, ಎರಡು ಕಡೆಯ ಬೆಲೆಗಳ ಅಂತರವನ್ನು ತನ್ನ ಲಾಭವಾಗಿಸಿಕೊಂಡನು. ಸುದ್ದಿ ಹರಡಿ ಹಲವರು ಆ ವ್ಯಾಪಾರಕ್ಕೆ ನುಗ್ಗಿದ ಮೇಲೆ ಬೆಲೆಗಳು ಸಮೀಪಿಸಿ ಲಾಭ ಕರಗಿತು. ಇವರಲ್ಲಿ ಒಬ್ಬನ ಬಳಿಯೂ ದಾಸ್ತಾನೆಂಬುದಿರಲಿಲ್ಲ. ಒಬ್ಬನಿಗೆ ನಾಲ್ಕು ಕಡೆ ನಡೆದಾಡುವ ಕಾಲು ಮತ್ತು ಜನರ ನಂಬಿಕೆ ಇತ್ತು, ಇನ್ನೊಬ್ಬನಿಗೆ ಪರಭಾಷೆಯ ಪರಿಚಯವಿತ್ತು. ಬಂಡವಾಳವೆಂದು ಡಬ್ಬಿಗಳನ್ನು ಪೇರಿಸುತ್ತಿರುವವನು ನೆರೆಹೊರೆಯವರೊಡನೆ ಎಷ್ಟು ಮಾತನಾಡಿದ್ದಾನೆಂಬುದನ್ನು ಯಾವ ಪಟ್ಟಿಯೂ ಕೇಳುವುದಿಲ್ಲ. ನೆಲಮಾಳಿಗೆಯ ವಿಷಯ ಯಾರಿಗೂ ತಿಳಿಯಬಾರದೆಂಬುದೇ ಆ ಪಂಥದ ಪ್ರಥಮ ಸೂತ್ರ. ಗೋಪ್ಯವಾಗಿರುವ ಅಂಗಡಿಗೆ ಗಿರಾಕಿ ಬರುವುದೆಂತು?

ಇನ್ನೊಂದು ಮಾತು. ಆ ಸಿಗರೇಟು ನಾಣ್ಯವಾಗಿ ನಡೆದದ್ದು ಹೊರಗಿನಿಂದ ಅದು ಬರುತ್ತಿದ್ದುದರಿಂದ, ಮತ್ತು ಒಳಗೆ ಅದು ಸುಟ್ಟುಹೋಗುತ್ತಿದ್ದುದರಿಂದ. ವಾಯುದಾಳಿಯ ರಾತ್ರಿಗಳಲ್ಲಿ ನಿದ್ದೆಯಿಲ್ಲದೆ ಜನ ಸಿಗರೇಟನ್ನು ಸೇದಿ ಮುಗಿಸಿದಾಗ ಬೆಲೆಗಳು ಕುಸಿಯುತ್ತಿದ್ದವು; ಹೊಸ ಸರಬರಾಜು ಬಂದೊಡನೆ ಏರುತ್ತಿದ್ದವು. ಶಿಬಿರದ ಅಂಗಡಿಯೊಂದು ಆಹಾರದ ಆಧಾರದಿಂದ ಹೊರಡಿಸಿದ ಕಾಗದದ ಹಣವೂ ಕೆಲಕಾಲ ಚೆನ್ನಾಗಿಯೇ ನಡೆದು, 1944ರ ಆಗಸ್ಟಿನಲ್ಲಿ ಪೊಟ್ಟಣಗಳ ಪ್ರಮಾಣ ಅರ್ಧಕ್ಕೆ ಇಳಿದ ಮೇಲೆ ವಿಶ್ವಾಸವನ್ನು ಕಳೆದುಕೊಂಡು ಮೂಲೆಗೆ ಬಿದ್ದಿತು. ಎಂದರೆ, ಸೆರೆಮನೆಯ ಪೇಟೆಯ ಹಿಂದೆ ಜಿನೀವಾದ ಒಂದು ಸುವ್ಯವಸ್ಥಿತ ಸಂಸ್ಥೆಯೂ, ಯುದ್ಧದ ನಡುವೆಯೂ ಓಡುತ್ತಿದ್ದ ರೈಲುಗಳೂ ಇದ್ದವು. ಸಮಾಜವೇ ಲುಪ್ತವಾದ ಸ್ಥಿತಿಯ ದೃಷ್ಟಾಂತವಾಗಿ ಅದನ್ನು ಎತ್ತಿ ಹೇಳುವವರು ಈ ರೈಲನ್ನು ಮರೆಯುತ್ತಾರೆ. 1992ರ ಏಪ್ರಿಲಿನಿಂದ 1996ರ ಫೆಬ್ರವರಿಯವರೆಗೆ ಮುತ್ತಿಗೆಗೆ ಒಳಗಾಗಿದ್ದ ಸರಾಯೆವೊ ನಗರದಲ್ಲಿಯೂ ಸಿಗರೇಟೇ ಸಂಬಳವಾಗಿ ಸಂದಿತು. ಆದರೆ ಅಲ್ಲಿ ಹೊಗೆಸೊಪ್ಪಿನ ಕಾರ್ಖಾನೆ ಷೆಲ್ಲುಗಳ ಮಳೆಯ ನಡುವೆಯೂ ನಡೆಯುತ್ತಿತ್ತು, ಹೊದಿಕೆಯ ಕಾಗದ ಮುಗಿದಾಗ ಹಳೆಯ ಪುಸ್ತಕಗಳ ಹಾಳೆಗಳಲ್ಲಿ ಅದನ್ನು ಸುತ್ತಿ ಕೊಡುತ್ತಿದ್ದರು.

ಯುದ್ಧದಲ್ಲಿ ಸೋತ ಜರ್ಮನಿ ಇದಕ್ಕಿಂತ ವಿಸ್ತಾರವಾದ ಪಾಠಶಾಲೆ. 1936ರಲ್ಲಿ ಸ್ಥಗಿತಗೊಳಿಸಿದ ಬೆಲೆಗಳನ್ನೇ ವಿಜಯೀ ರಾಷ್ಟ್ರಗಳೂ ಮುಂದುವರಿಸಿದವಾದುದರಿಂದ, ನೋಟುಗಳು ಜನರ ಕೈಯಲ್ಲಿ ಹೇರಳವಾಗಿದ್ದರೂ ಅವಕ್ಕೆ ಸರಕು ಕೊಡುವವರು ಇರಲಿಲ್ಲ. ಕಾಳಸಂತೆಯಲ್ಲಿ ಒಂದೇ ಒಂದು ಅಮೆರಿಕನ್ ಸಿಗರೇಟಿಗೆ ಐದು ಮಾರ್ಕಿಗೂ ಮೇಲ್ಪಟ್ಟು ಬೆಲೆ. 1946-47ರ ಭೀಕರ ಚಳಿಗಾಲದಲ್ಲಿ ನಗರವಾಸಿಗಳು ಬೆಳ್ಳಿಯ ಚಮಚ, ಹಾಸುಗಂಬಳಿ, ಗಡಿಯಾರ, ಮದುವೆಯ ಉಂಗುರಗಳನ್ನು ಗಂಟುಕಟ್ಟಿಕೊಂಡು, ರೈಲಿನ ಮೆಟ್ಟಿಲುಗಳಿಗೆ ಜೋತುಬಿದ್ದು ಹಳ್ಳಿಗಳಿಗೆ ಹೋಗಿ ಆಲೂಗೆಡ್ಡೆಯ ಚೀಲಗಳೊಡನೆ ಮರಳುತ್ತಿದ್ದರು. ರೈತನ ದನದ ಕೊಟ್ಟಿಗೆಗೊಂದು ಪಾರಸಿಕ ರತ್ನಗಂಬಳಿ ಮಾತ್ರ ಬಾಕಿ ಉಳಿದಿದೆಯೆಂಬ ಕಹಿ ವಿನೋದ ಆ ಕಾಲದ್ದು. ಕಾಲ ಒದಗಿದಾಗ ಮಾರಬಹುದೆಂದು ಕೂಡಿಟ್ಟ ಅಮೂಲ್ಯ ವಸ್ತುಗಳಿಗೆ ಗೆಡ್ಡೆ ಬೆಳೆಯುವವನೇ ಬೆಲೆ ಕಟ್ಟಿದನು. ಕೂಡಿಟ್ಟದ್ದರ ಮೇಲಣ ಸ್ವಾಮ್ಯವೂ ಆ ಚಳಿಯಲ್ಲಿ ದುರ್ಬಲವಾಯಿತು. 1946ರ ಡಿಸೆಂಬರ್ 31ರ ಸಂಜೆ ಕಲೋನ್ ನಗರದ ಕಾರ್ಡಿನಲ್ ಫ್ರಿಂಗ್ಸ್ ತಮ್ಮ ಧರ್ಮೋಪದೇಶದಲ್ಲಿ, ದುಡಿದೂ ಬೇಡಿಯೂ ದೊರೆಯದಿದ್ದ ಪಕ್ಷದಲ್ಲಿ ಪ್ರಾಣಧಾರಣೆಗೆ ಅಗತ್ಯವಾದುದನ್ನು ವ್ಯಕ್ತಿಯು ತೆಗೆದುಕೊಳ್ಳಬಹುದೆಂಬರ್ಥದ ಮಾತನ್ನು ಆಡಿದರು. ಕಲ್ಲಿದ್ದಲಿನ ರೈಲುಬಂಡಿಗಳನ್ನು ಹತ್ತುತ್ತಿದ್ದ ಜನಕ್ಕೆ ಮನಶ್ಶಾಂತಿ ದೊರೆಯಿತು. ಧರ್ಮಗುರುವೇ ಹೀಗೆ ಹೇಳಬೇಕಾಗಿ ಬರುವ ದಿನದಲ್ಲಿ, ಬೀಗದ ಹಿಂದಿನ ಸಾಲು ಸೀಸೆಗಳನ್ನು ಕಾಯುವವನ ಪಾಡು ಏನಾದೀತೆಂದು ಊಹಿಸುವುದು ಕಷ್ಟವಲ್ಲ.

ಹಾಗಾದರೆ ಸರಕನ್ನು ಕೂಡಿಟ್ಟು ಲಾಭ ಪಡೆದವರೇ ಜರ್ಮನಿಯಲ್ಲಿ ಇರಲಿಲ್ಲವೆ? ಇದ್ದರು, ಬಹುಮಂದಿ ಇದ್ದರು. ಆದರೆ ಅವರು ಲೆಕ್ಕ ಹಾಕಿದ್ದು ಪ್ರಳಯವನ್ನಲ್ಲ, ಅದರ ಮುಕ್ತಾಯವನ್ನು. ಹೊಸ ನಾಣ್ಯ ಬಂದೇ ಬರುವುದೆಂದು ಬಗೆದ ವರ್ತಕರೂ ಕಾರ್ಖಾನೆಯವರೂ ಪಾತ್ರೆ, ಪಾದರಕ್ಷೆ, ಬಟ್ಟೆ, ಸೈಕಲ್ ಟೈರುಗಳನ್ನು ಹಿಂಗೋಣೆಗಳಲ್ಲಿ ಅಡಗಿಸಿ, ಬರಿದಾದ ಗಾಜಿನ ಕಿಟಕಿಗಳ ಹಿಂದೆ ಕೈಕಟ್ಟಿ ಕುಳಿತಿದ್ದರು. 1948ರ ಜೂನ್ 20, ಭಾನುವಾರ, ಪಶ್ಚಿಮದ ಮೂರು ವಲಯಗಳಲ್ಲಿ ತಲೆಗೆ 40 ಹೊಸ ಮಾರ್ಕುಗಳಂತೆ ಹಂಚಿಕೆಯಾಯಿತು. ಅಲ್ಲಿನ ಆರ್ಥಿಕಾಡಳಿತದ ಮುಖ್ಯಸ್ಥರಾಗಿದ್ದ ಲುಡ್ವಿಗ್ ಎರ್ಹಾರ್ಡ್ ಬಹುಪಾಲು ವಸ್ತುಗಳ ಬೆಲೆಯ ಕಟ್ಟನ್ನು ಸಡಿಲಿಸಿದರು. ಮರುದಿನ ಬೆಳಗಾಗುವಷ್ಟರಲ್ಲಿ ವರ್ಷಗಳಿಂದ ಕಾಣದಿದ್ದ ಸರಕು ಕಿಟಕಿ ಕಿಟಕಿಯಲ್ಲಿಯೂ ಪ್ರತ್ಯಕ್ಷವಾಯಿತು. ಅಂಚೆ ಕಛೇರಿಯಲ್ಲಿಯೂ ಬ್ಯಾಂಕಿನಲ್ಲಿಯೂ ಉಳಿತಾಯವಿಟ್ಟಿದ್ದ ಸಾಧುಜನರಿಗೆ ನೂರು ಹಳೆಯ ಮಾರ್ಕಿಗೆ ಕೊನೆಯಲ್ಲಿ ದಕ್ಕಿದ್ದು ಆರೂವರೆ ಹೊಸ ಮಾರ್ಕು. ಸರಕನ್ನು ಬಚ್ಚಿಟ್ಟವನ ಗಂಟಿಗಾದರೋ ಆ ದಿನ ಯಾವ ಕತ್ತರಿಯೂ ತಾಗಲಿಲ್ಲ.

ಈ ವ್ಯತ್ಯಾಸ ಕಣ್ಣಿಗೆ ಬೀಳದೆ ಹೋಗುವಂಥದಾಗಿರಲಿಲ್ಲ. ನಾಲ್ಕು ವರ್ಷಗಳ ವಾದವಿವಾದದ ತರುವಾಯ 1952ರಲ್ಲಿ ಪಶ್ಚಿಮ ಜರ್ಮನಿಯ ಸಂಸತ್ತು ಭಾರಸಮೀಕರಣದ ಶಾಸನವೊಂದನ್ನು ಅಂಗೀಕರಿಸಿ, 1948ರ ಜೂನ್ 21ರಂದು ಯಾರ ಬಳಿ ಎಷ್ಟು ಆಸ್ತಿಯಿದ್ದಿತೋ ಅದರ ಮೇಲೆ, ವಿನಾಯಿತಿಗಳನ್ನು ಕಳೆದು, ನೂರಕ್ಕೆ ಐವತ್ತರಂತೆ ತೆರಿಗೆಯನ್ನು ವಿಧಿಸಿತು. ಬಾಂಬಿನಿಂದ ಮನೆ ಕಳೆದುಕೊಂಡವರಿಗೂ ಪೂರ್ವಸೀಮೆಗಳಿಂದ ಹೊರದೂಡಲ್ಪಟ್ಟು ಬಂದವರಿಗೂ ಪರಿಹಾರವಾಗಿ ಹಂಚಲ್ಪಟ್ಟ ಆ ಹಣವನ್ನು ತ್ರೈಮಾಸಿಕ ಕಂತುಗಳಲ್ಲಿ ಕಟ್ಟಲು ಅವಕಾಶವಿದ್ದಿತು. ಕೊನೆಯ ಕಂತಿನ ವರ್ಷ 1979.