ಚೆಂಡೆ ಒಳಗೆ, ಚಪ್ಪಲಿ ಹೊರಗೆ

ಧರ್ಮಸ್ಥಳದ ಮಂಜುನಾಥಸ್ವಾಮಿಯ ಸನ್ನಿಧಿಗೆ ಹೋಗುವವರು ಚಪ್ಪಲಿ ಹೊರಗೆ ಬಿಡುತ್ತಾರೆ. ಗಂಡಸರು ಅಂಗಿ, ಬನಿಯನ್ ಕಳಚಿ ಒಳಗೆ ನಡೆಯುತ್ತಾರೆ. ಚಪ್ಪಲಿಯ ಚರ್ಮ ಮೈಲಿಗೆಯೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ತುಳುನಾಡಿನಲ್ಲಿ ದೇವರ ಬಲಿ ಉತ್ಸವ ಹೊರಟಾಗ ಮೊಳಗುವ ಚೆಂಡೆಗೆ ಬಿಗಿದದ್ದು ದನದ ಚರ್ಮ. ಚಾಮರವೆಂದರೆ ಚಮರೀಮೃಗದ ಬಾಲದ ಕೂದಲು. ಮಡಿಗೆಂದು ಉಡುವ ಪಟ್ಟೆಯೋ, ಕುದಿನೀರಿನಲ್ಲಿ ಸತ್ತ ಹುಳುವಿನ ಗೂಡು.

ಈ ಕ್ಷೇತ್ರದಲ್ಲಿ ಶಿವನನ್ನು ಪೂಜಿಸುವವರು ಮಾಧ್ವರು, ಆಡಳಿತ ಜೈನ ಹೆಗ್ಗಡೆಯವರದು. ಹಾಗಾಗಿ ಇನ್ನೊಂದು ಅಳತೆಗೋಲೂ ಇಲ್ಲೇ ಇದೆ. 39 ಅಡಿಯ ಬಾಹುಬಲಿಯ ದರ್ಶನಕ್ಕೆ ಬರುವ ದಿಗಂಬರ ಮುನಿಗಳ ಕೈಯಲ್ಲಿ ನವಿಲುಗರಿಯ ಪಿಂಛಿ. ನವಿಲು ತಾನಾಗಿ ಉದುರಿಸಿದ ಗರಿ. ಕೂರುವ ಜಾಗದ ಇರುವೆಯನ್ನು ನೋಯಿಸದೆ ಸರಿಸಲು ಅದು. ಮುಟ್ಟಿದೆಯಾ ಎಂದು ಮಡಿ ಕೇಳಿದರೆ, ನೋಯಿಸಿದೆಯಾ ಎಂದು ಪಿಂಛಿ ಕೇಳುತ್ತದೆ.

ಮೂರನೆಯ ಮಾತಿಗೆ ಬೀದರಿಗೆ ಹೋಗಬೇಕು. ಅಲ್ಲಿನ ಸಿಖ್ ಗುರುದ್ವಾರ ಗುರುನಾನಕ್ ಝೀರಾದಲ್ಲೂ ಚಪ್ಪಲಿ ಹೊರಗೇ. ಸಿಖ್ಖರ ಧರ್ಮಗ್ರಂಥವಾದ ಗುರುಗ್ರಂಥ ಸಾಹಿಬ್ ಮೇಲೆ ಬೀಸುವ ಚೌರ್ ನಮ್ಮ ಚಾಮರವೇ. ಮಾಂಸ ತಿನ್ನಬಹುದೇ ಎಂಬ ಚರ್ಚೆ ಸಿಖ್ಖರಲ್ಲಿ ಇನ್ನೂ ಮುಗಿದಿಲ್ಲ. ಆದರೆ ಗುರುದ್ವಾರದ ಸಾಮೂಹಿಕ ಊಟವಾದ ಲಂಗರಿನಲ್ಲಿ ಸಸ್ಯಾಹಾರವೇ, ಯಾರೂ ಹಿಂಜರಿಯದೆ ಪಂಕ್ತಿಯಲ್ಲಿ ಕೂರಲೆಂದು.

ನಮ್ಮಲ್ಲಿ ಹೆರಿಗೆಗೆ ಅಮೆ, ಸಾವಿಗೆ ಸೂತಕ. ಪಂಜಾಬಿನಲ್ಲಿ ಹೆರಿಗೆಯದೂ ಸೂತಕವೇ. ಗುರು ನಾನಕರು ತಮ್ಮ ‘ಆಸಾ ದಿ ವಾರ್’ ಎಂಬ ರಚನೆಯಲ್ಲಿ ಅದನ್ನು ಬುಡದಿಂದ ಅಲ್ಲಾಡಿಸಿದರು. ಸೌದೆಯಲ್ಲೂ ಸಗಣಿಯಲ್ಲೂ ಹುಳಗಳಿವೆ, ಪ್ರತಿ ಕಾಳಿನಲ್ಲೂ ಜೀವವಿದೆ, ಹಾಗಾದರೆ ಅಡುಗೆಮನೆಗೇ ಸೂತಕ ಬಂತಲ್ಲ ಎಂಬುದು ಅವರ ವಾದ. ಸಗಣಿ ಸಾರಿಸಿ ಶುದ್ಧಮಾಡುವ ನಮಗೆ ಇದು ನೇರವಾಗಿ ತಟ್ಟುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡುವವರು ಚರ್ಮ ಹದ ಮಾಡಿದವರು. ಚೆಂಡೆ ಒಳಗೆ ಬಂತು. ಆ ಕೈ ಶತಮಾನಗಳ ಕಾಲ ದೇವಸ್ಥಾನಗಳ ಹೊರಗೇ ಉಳಿಯಿತು. ಗುರುಗ್ರಂಥದಲ್ಲಿ ಚಮ್ಮಾರ ಸಂತ ರವಿದಾಸರ ಪದಗಳಿವೆ. ಚೌರ್ ಬೀಸುವುದು ಆ ಪದಗಳಿಗೂ. ಸಿಖ್ಖರಲ್ಲಿ ಜಾತಿ ಅಳಿಯಿತೆಂದು ಹೇಳಲಾರೆ, ಪಂಜಾಬಿನ ಎಷ್ಟೋ ಹಳ್ಳಿಗಳಲ್ಲಿ ದಲಿತರ ಗುರುದ್ವಾರ ಇಂದಿಗೂ ಬೇರೆ.

1699ರ ಬೈಸಾಖಿಯಂದು ಆನಂದಪುರದಲ್ಲಿ ಸಿಖ್ಖರ ಗುರು ಗೋವಿಂದಸಿಂಗರು ತಲೆ ಕೊಡುವವರು ಯಾರೆಂದು ಕೇಳಿದಾಗ ಎದ್ದುನಿಂತ ಐವರಲ್ಲಿ ಒಬ್ಬರು, ಸಿಖ್ ಪರಂಪರೆ ಹೇಳುವಂತೆ, ಬೀದರಿನ ಕ್ಷೌರಿಕ ಸಾಹಿಬ್ ಚಂದ್. ಕ್ಷೌರ ಮಾಡಿಸಿಕೊಂಡವರು ಸ್ನಾನವಾಗದೆ ಒಳಗೆ ಬರಬಾರದೆನ್ನುವ ಮನೆಗಳು ನಮ್ಮಲ್ಲಿ ಈಗಲೂ ಇವೆ. ಆ ಮೈಲಿಗೆಯನ್ನು ಕಸುಬಾಗಿ ಹೊತ್ತ ಕುಲದವರು ಅಂದು ಉಳಿದ ನಾಲ್ವರೊಡನೆ ಒಂದೇ ಕಬ್ಬಿಣದ ಪಾತ್ರೆಯಿಂದ ದೀಕ್ಷೆಯ ಅಮೃತ ಕುಡಿದು ಸಾಹಿಬ್ ಸಿಂಗ್ ಆದರು. ಆಮೇಲೆ ಗುರುವೇ ಆ ಐವರ ಮುಂದೆ ನಿಂತು, ಅವರ ಕೈಯಿಂದ ಅಮೃತ ಬೇಡಿ ಕುಡಿದರು.